ಗುಣವತಿ ಹೇಳಿದ ಸೀರೆಗಳು

ಗುಣವತಿಯವರನ್ನು ನಾನು ಮೊದಲು ನೋಡಿದ್ದು ೧೯೭೮ರಲ್ಲಿ, ಕಾರ್ಕಳದ ಒಂದು ಫೋಟೋ ಸ್ಟುಡಿಯೋದಲ್ಲಿ. ಅರ್ಜಿಯೊಂದಕ್ಕೆ ಅಂಟಿಸಲು ನನಗೆ ಫೋಟೋ ಬೇಕಿತ್ತು. ಸ್ಟೂಲಿನ ಮೇಲೆ ಕುಳಿತಿದ್ದೆ. ಪರದೆಯ ಹಿಂದಿನಿಂದ ಒದ್ದೆ ಟವೆಲು ಹಿಡಿದು ಒಬ್ಬ ಹೆಂಗಸು ಬಂದರು.

"ಟೀಚರೇ, ಹಣೆಯಲ್ಲಿ ಎಣ್ಣೆ ಉಂಟು. ಹೀಗೇ ಕೂತರೆ ಫೋಟೋದಲ್ಲಿ ಹಣೆ ಮಾತ್ರ ಬರುತ್ತದೆ, ನೀವು ಬರುವುದಿಲ್ಲ."

"ನಾನು ಟೀಚರೆಂದು ಯಾರು ಹೇಳಿದರು?"

"ಯಾರು ಹೇಳಬೇಕು? ಹಾಗೆ ಕೂತಿದ್ದೀರಲ್ಲ."

ನಾನು ನಗಲಿಲ್ಲ. ಅವರು ನನ್ನ ಹಣೆ ಒರೆಸಿ, ಪೌಡರನ್ನು ನನ್ನ ಮುಖಕ್ಕೆ ಹಾಕದೆ ತಮ್ಮ ಅಂಗೈಗೆ ಹಾಕಿ ಉಜ್ಜಿ, ಉಳಿದದ್ದನ್ನಷ್ಟೇ ನನ್ನ ಕೆನ್ನೆಗೆ ತಾಗಿಸಿದರು. ಆ ಫೋಟೋ ಚೆನ್ನಾಗಿ ಬಂತು. ಹತ್ತು ವರ್ಷ ಎಲ್ಲ ಅರ್ಜಿಗಳಿಗೂ ಅದನ್ನೇ ಬಳಸಿದೆ.

ಸ್ಟುಡಿಯೋ ಲಿಯೋನೆಲ್ ಎನ್ನುವವರದು. ಆಮೇಲೆ ಕಾರ್ಕಳಕ್ಕೆ ಹೋದಾಗಲೆಲ್ಲ ಅಲ್ಲಿಗೆ ಹೊಕ್ಕು ಗುಣವತಿಯವರನ್ನು ಮಾತಾಡಿಸಿ ಬರುತ್ತಿದ್ದೆ. ಗೋಡೆಯ ಮೊಳೆಗೆ ಒಂದು ಕಪ್ಪು ಕೋಟು ತೂಗುತ್ತಿತ್ತು. ಕೊಲ್ಲಿ ದೇಶಗಳಿಗೆ ಹೊರಟ ಗಂಡಸರೆಲ್ಲ ಆ ಒಂದೇ ಕೋಟಿನಲ್ಲಿ ಫೋಟೋ ತೆಗೆಸಿಕೊಂಡು ಹೋದವರು. ಸಪೂರದವರಿಗೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ, ದಪ್ಪದವರಿಗೆ ಗುಂಡಿ ಹಾಕದೆ ಕೈ ಕಟ್ಟಿಸಿ, ಗುಣವತಿ ಅದನ್ನು ಪ್ರತಿಯೊಬ್ಬರ ಸ್ವಂತ ಕೋಟು ಮಾಡುತ್ತಿದ್ದರು. ಮದುಮಕ್ಕಳ ತಲೆ ಬಾಚುವುದು, ಸೀರೆ ಉಡಿಸುವುದು, ಸಂಬಂಧ ನೋಡಲು ಕಳಿಸುವ ಫೋಟೋಕ್ಕೆ ಹುಡುಗಿಯರನ್ನು ಸಿದ್ಧ ಮಾಡುವುದು ಎಲ್ಲ ಅವರ ಕೆಲಸ.

ಅವರ ತವರು ಅಜೆಕಾರು. ಏಳನೆಯ ತರಗತಿಯವರೆಗೆ ಓದಿದ್ದರು. ಅನಂತರ ಬೀಡಿ ಕಟ್ಟಿದರು. ಗಂಡ ಧರ್ಮಪಾಲ ಬಸ್ಸಿನ ಕಂಡಕ್ಟರು. ಮನೆ ಬೆಳ್ಮಣ್ಣಿನಲ್ಲಿ, ರಸ್ತೆಯ ಬದಿಗೆ. ಅವರ ಮನೆಮಾತು ತುಳು, ನನ್ನದು ಕೊಂಕಣಿ. ನಮ್ಮ ನಡುವೆ ಕೊನೆಯವರೆಗೂ ಕನ್ನಡವೇ ನಡೆಯಿತು.

ಸ್ಟುಡಿಯೋದಲ್ಲಿ ಲಿಯೋನೆಲ್ ಗುಣವತಿಗೆ ಅಂಗೈ ಅಗಲದ ಒಂದು ನೀಲಿ ಗಾಜು ಕೊಟ್ಟಿದ್ದರು. ಸೀರೆ ಆರಿಸುವ ಮೊದಲು ಗುಣವತಿ ಆ ಗಾಜನ್ನು ಕಣ್ಣಿಗೆ ಹಿಡಿದು ನೋಡುತ್ತಿದ್ದರು. ಕಪ್ಪುಬಿಳಿ ಫೋಟೋದಲ್ಲಿ ಯಾವ ಬಣ್ಣ ಕಪ್ಪಾಗುತ್ತದೆ, ಯಾವುದು ಬಿಳಿಯಾಗುತ್ತದೆ ಎಂದು ಅದರಿಂದ ಸುಮಾರಾಗಿ ತಿಳಿಯುತ್ತಿತ್ತು. ಕೆಂಪು ಸೀರೆಗೆ ಗಾಢ ಹಸಿರು ರವಿಕೆ ಹಾಕಿಕೊಂಡು ಬಂದ ಮದುಮಗಳಿಗೆ, "ಮದುವೆಗೆ ಇದೇ ಇರಲಿ ಮಗಾ, ಫೋಟೋಕ್ಕೆ ಬೇರೆ ಹಾಕು. ಇಲ್ಲದಿದ್ದರೆ ಸೀರೆ ಎಲ್ಲಿ ಮುಗಿಯಿತು, ರವಿಕೆ ಎಲ್ಲಿ ಶುರುವಾಯಿತು ಎಂದು ಅತ್ತೆಗೆ ಗೊತ್ತಾಗಲಿಕ್ಕಿಲ್ಲ" ಎನ್ನುತ್ತಿದ್ದರು.

ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಬೆಳಕು ನನ್ನ ವಿಷಯ. ನೀಲಿ ಗಾಜಿನ ಮೂಲಕ ಕೆಂಪು ಏಕೆ ಕಪ್ಪಾಗಿ ಕಾಣುತ್ತದೆ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆದು ಪಾಠ ಮಾಡಿದವಳು. ಮುಂದೆ ಹೇಳುವುದನ್ನು ಓದುವಾಗ ಇದು ನೆನಪಿರಬೇಕು.

೧೯೮೬ರ ಕೊನೆಗೆ ಮಣಿಪಾಲದ ಒಂದು ಸಾಂಸ್ಕೃತಿಕ ಸಂಘ ಕಾಲೇಜು ವಿದ್ಯಾರ್ಥಿಗಳಿಗೆ ಹೊಸ ಬಗೆಯ ಸ್ಪರ್ಧೆ ಇಟ್ಟಿತು. ಹಾಡು ಬರೆದು, ಹಾಡಿ, ಅದನ್ನು ವಿಡಿಯೋ ಕ್ಯಾಮರಾದಲ್ಲಿ ಚಿತ್ರಿಸಿ ಕ್ಯಾಸೆಟ್ ಕೊಡಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಕಾಪುವಿನ ಅಲೆಕ್ಸ್ ಎಂಬವನ ಅಣ್ಣ ಸೌದಿಯಿಂದ ಕ್ಯಾಮರಾ ತಂದಿದ್ದ. ಸರ್ವೋತ್ತಮ ಎಂಬ ಹುಡುಗ ಹಾಡು ಬರೆದ. ಒಂದು ಹೊಳೆ, ಎರಡು ದಡ. ಈ ದಡದಲ್ಲಿ ನಾಲ್ವರು ಹುಡುಗಿಯರು, ಆ ದಡದಲ್ಲಿ ನಾಲ್ವರು. ಒಬ್ಬರನ್ನೊಬ್ಬರು ಹಾಡಿನಲ್ಲಿ ಕೆಣಕುತ್ತಾರೆ. ಕೊನೆಯ ಚರಣದಲ್ಲಿ ಈ ದಡದವಳೊಬ್ಬಳು ಆ ದಡದವರ ನಡುವೆ ನಿಂತಿರುತ್ತಾಳೆ, ಆ ದಡದವಳೊಬ್ಬಳು ಇಲ್ಲಿ ನಿಂತಿರುತ್ತಾಳೆ. ಅಷ್ಟೇ ಕಥೆ. ಹುಡುಗ ಚೆನ್ನಾಗಿ ಬರೆದಿದ್ದ.

ಉಡುಪು, ತಲೆಕೂದಲು, ಮುಖದ ಬಣ್ಣ ಇವುಗಳ ಯೋಜನೆಯನ್ನು ಪ್ರಾಂಶುಪಾಲರು ನನಗೆ ವಹಿಸಿದರು. ನಾನು ಗುಣವತಿಯವರನ್ನು ಕರೆಸಿದೆ.

ಕರೆಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಹೊತ್ತಿಗೆ ಲಿಯೋನೆಲ್ ಬಣ್ಣದ ಫೋಟೋಕ್ಕೆ ಇಳಿದಿದ್ದರು. ಮದುಮಕ್ಕಳು ಉಡುಪಿಯ ಬ್ಯೂಟಿ ಪಾರ್ಲರಿನಲ್ಲಿ ಸಿದ್ಧವಾಗಿಯೇ ಬರುತ್ತಿದ್ದರು. ಸ್ಟುಡಿಯೋದಲ್ಲಿ ಗುಣವತಿಗೆ ವಾರಕ್ಕೆ ಒಂದು ದಿನದ ಕೆಲಸವೂ ಉಳಿದಿರಲಿಲ್ಲ. ಅವರು ಪುನಃ ಬೀಡಿ ಕಟ್ಟತೊಡಗಿದ್ದರು. ತಂಬಾಕಿನ ಧೂಳಿಗೆ ಕೆಮ್ಮು ಹಿಡಿದಿತ್ತು. ಬೀಡಿ ಬಿಡದಿದ್ದರೆ ಶ್ವಾಸಕೋಶ ಉಳಿಯದು ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಾಲೇಜಿನ ಗೃಹವಿಜ್ಞಾನ ವಿಭಾಗದಲ್ಲಿ ಹೊಲಿಗೆ ಸಹಾಯಕಿಯ ಕೆಲಸವೊಂದು ಖಾಲಿ ಇತ್ತು. ನಾನೇ ಅವರ ಹೆಸರು ಹೇಳಿದ್ದೆ. "ಈ ವಿಡಿಯೋ ಆಗಲಿ ಮೇಡಂ, ಅವರ ಕೆಲಸ ಹೇಗುಂಟೆಂದು ನೋಡುವ" ಎಂದಿದ್ದರು ಪ್ರಾಂಶುಪಾಲರು. ಇದು ಗುಣವತಿಗೂ ಗೊತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಎಲ್ಲರೂ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸೇರಿದೆವು. ನಾನು ಗ್ರಾಫ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಎಲ್ಲವನ್ನೂ ಗುರುತಿಸಿ ತಂದಿದ್ದೆ. ಈ ದಡದವರಿಗೆ ಕೆಂಪು ಸೀರೆ, ಆ ದಡದವರಿಗೆ ಹಸಿರು ಸೀರೆ. ಎಲ್ಲರಿಗೂ ಒಂದೇ ಉದ್ದದ ಜಡೆ. ತುಟಿಗೆ ಕೆಂಪು.

ಸರ್ವೋತ್ತಮ ಹಾಳೆ ನೋಡಿ, "ಮೇಡಂ, ಇದು ಹಾಡಾ, ಪ್ರಾಕ್ಟಿಕಲ್ಲಾ?" ಎಂದ.

"ಪ್ರಾಕ್ಟಿಕಲ್ ಆದರೆ ನೀನು ಫೇಲು ಮಾರಾಯ" ಎಂದಳು ಝೀಟಾ. ಕೆಂಪು ದಡದ ಮುಖ್ಯ ಹುಡುಗಿ ಅವಳು.

ಗುಣವತಿ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅನಂತರ ಅಲೆಕ್ಸನನ್ನು ಕೇಳಿದರು. "ಕ್ಯಾಮರಾ ಎಲ್ಲಿಯದು?"

"ಸೌದಿಯದ್ದು ಅಕ್ಕ. ಅಣ್ಣ ತಂದದ್ದು."

"ಇಲ್ಲಿಯ ಬಣ್ಣದ ಟಿ.ವಿ.ಗೆ ಹಾಕಿ ನೋಡಿದ್ದೀಯಾ?"

"ನಮ್ಮಲ್ಲಿ ಟಿ.ವಿ. ಇಲ್ಲ. ಅಣ್ಣನ ಲೆಕ್ಕದಲ್ಲಿ ಮೊದಲು ಕ್ಯಾಮರಾ, ಆಮೇಲೆ ಟಿ.ವಿ., ಆಮೇಲೆ ಮದುವೆ."

"ಮದುವೆ ಕೊನೆಗಾ? ಹಾಗಾದರೆ ಕ್ಯಾಮರಾದಲ್ಲಿ ಯಾರನ್ನು ಹಿಡಿಯುವುದು, ದನವನ್ನಾ?"

ಹುಡುಗಿಯರು ಬೆಂಚು ಬಡಿದು ನಕ್ಕರು. ನನಗೆ ಆ ಗದ್ದಲ ಇಷ್ಟವಾಗಲಿಲ್ಲ.

ಗುಣವತಿ ಚೀಲದಿಂದ ನೀಲಿ ಗಾಜು ತೆಗೆದು ನನ್ನ ಮುಂದಿಟ್ಟರು. "ಟೀಚರೇ, ಒಂದು ಮಾತು. ನಮ್ಮ ಬದಿಯ ಮನೆಯವರು ಸೌದಿಯಿಂದ ಒಂದು ಕ್ಯಾಸೆಟ್ ತಂದಿದ್ದರು, ಅಲ್ಲಿ ಹಿಡಿದದ್ದು. ಇಲ್ಲಿ ಬಣ್ಣದ ಟಿ.ವಿ.ಗೆ ಹಾಕಿದರೆ ಕಪ್ಪುಬಿಳಿ ಬಂತು. ಯಾಕೆಂದು ನನಗೆ ಗೊತ್ತಿಲ್ಲ. ಇದು ಕೂಡ ಹಾಗೆ ಬಂದರೆ ನಿಮ್ಮ ಕೆಂಪು, ಹಸಿರು ಎರಡೂ ಒಂದೇ. ನೋಡಿ ಬೇಕಾದರೆ."

"ಬಣ್ಣದ ಕ್ಯಾಮರಾದಲ್ಲಿ ಬಣ್ಣ ಬಾರದೆ ಮತ್ತೆಂತ ಬರುತ್ತದೆ?"

"ಬಂದರೆ ಒಳ್ಳೆಯದೇ. ಬಾರದಿದ್ದರೂ ಚಂದ ಕಾಣುವ ಹಾಗೆ ಮಾಡುವ ಎಂದೆ. ಈ ದಡದವರಿಗೆ ಗಾಢ ಕೆಂಪು ಇರಲಿ, ಜಡೆ ಇರಲಿ. ಆ ದಡದವರಿಗೆ ಅರಸಿನ ಬಣ್ಣ ತೆಳುವಾಗಿ, ತಲೆಗೆ ತುರುಬು, ತುರುಬಿಗೆ ಮಲ್ಲಿಗೆ. ಆಗ ಯಾರು ಯಾವ ದಡ ಎಂದು ಕುರುಡನಿಗೂ ಗೊತ್ತಾಗುತ್ತದೆ. ತುಟಿಗೆ ಕೆಂಪು ಬೇಡ. ಕೆಂಪು ಕಪ್ಪಾಗುತ್ತದೆ."

ಅವರು ಹೇಳಿದ್ದು ಸರಿ ಎಂದು ಆ ಕ್ಷಣಕ್ಕೇ ನನಗೆ ತಿಳಿಯಬೇಕಿತ್ತು. ಗಾಜು ನನ್ನ ಕೈಯಳತೆಯಲ್ಲಿತ್ತು. ಎತ್ತಿ ಕಣ್ಣಿಗೆ ಹಿಡಿದಿದ್ದರೆ ಮುಗಿಯುತ್ತಿತ್ತು. ನಾನು ಹಿಡಿಯಲಿಲ್ಲ. ನನ್ನ ಪ್ರಯೋಗಾಲಯದಲ್ಲಿ, ನನ್ನ ವಿದ್ಯಾರ್ಥಿಗಳ ಮುಂದೆ, ಏಳನೆಯ ತರಗತಿ ಓದಿದವರೊಬ್ಬರು ನನಗೆ ಬೆಳಕಿನ ಪಾಠ ಹೇಳುತ್ತಿದ್ದಾರೆ ಎಂಬುದೇ ಮನಸ್ಸಿನಲ್ಲಿ ನಿಂತಿತು.

"ಗುಣವತಿ, ನೀವು ಕೂದಲು ನೋಡಿಕೊಳ್ಳಿ. ಬೆಳಕನ್ನು ನಾನು ನೋಡಿಕೊಳ್ಳುತ್ತೇನೆ" ಎಂದೆ.

ಯಾರೂ ನಗಲಿಲ್ಲ. ಗುಣವತಿ ಗಾಜನ್ನು ಚೀಲಕ್ಕೆ ಹಾಕಿಕೊಂಡು, "ಆಯಿತು ಟೀಚರೇ. ಜಡೆ ಎಷ್ಟು ಉದ್ದ?" ಎಂದು ಕೇಳಿದರು.

ಚಿತ್ರೀಕರಣ ಕಾಪುವಿನ ಹತ್ತಿರದ ಹೊಳೆಯ ಬದಿಯಲ್ಲಿ ನಡೆಯಿತು. ಜನವರಿ ತಿಂಗಳು. ಗುಣವತಿ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ದಾರಿಯಲ್ಲಿ ಶಂಕರಪುರದಲ್ಲಿ ಇಳಿದು ಮಲ್ಲಿಗೆ ತಂದಿದ್ದರು. ಅಲೆಕ್ಸನ ಮನೆಯ ಜಗಲಿಯಲ್ಲಿ ಎಂಟು ಹುಡುಗಿಯರನ್ನು ಸಾಲಾಗಿ ಕುಳ್ಳಿರಿಸಿ ಎರಡು ಗಂಟೆಯಲ್ಲಿ ಎಂಟು ಜಡೆ ಹೆಣೆದರು. ಗಿಡ್ಡ ಕೂದಲಿನ ಝೀಟಾಳಿಗೆ ಚೌರಿ ಸೇರಿಸಿ ಹೆಣೆದದ್ದು ಅವಳ ಅಮ್ಮನಿಗೂ ತಿಳಿಯುವಂತಿರಲಿಲ್ಲ. ನಾನು ಬಂದು ನೋಡಿದಾಗ ಹಸಿರು ಸೀರೆಯ ನಾಲ್ವರ ತಲೆಯಲ್ಲಿ ಮಾತ್ರ ಮಲ್ಲಿಗೆ ತುಂಬ ಇತ್ತು. ಕೆಂಪು ಸೀರೆಯವರಿಗೆ ಒಂದು ಮೊಗ್ಗೂ ಇರಲಿಲ್ಲ.

"ಇದೇನು ಭೇದ? ಎಲ್ಲರಿಗೂ ಸಮನಾಗಿ ಹಂಚಿ" ಎಂದೆ.

"ಟೀಚರೇ, ಇದೊಂದು ಇರಲಿ."

"ಹಂಚಿ."

ಹಸಿರು ದಡದ ಕುಶಲಾ ಎಂಬ ಹುಡುಗಿ ಮುಖ ಸಣ್ಣದು ಮಾಡಿದಳು. ಗುಣವತಿ ನಾಲ್ವರ ತಲೆಯಿಂದಲೂ ಹೂವಿನ ಮಾಲೆ ಬಿಡಿಸಿ, ಹಲ್ಲಿನಿಂದ ಬಾಳೆನಾರು ಕಡಿದು, ಎಂಟು ಭಾಗ ಮಾಡಿದರು. ಅನಂತರ ನನ್ನ ಹಾಳೆಯಲ್ಲಿದ್ದಂತೆ ಎಂಟು ತುಟಿಗಳಿಗೆ ಕೆಂಪು ಹಚ್ಚಿದರು. ಹಚ್ಚುವಾಗ ಅವರ ಕೈ ಒಮ್ಮೆಯೂ ತಪ್ಪಲಿಲ್ಲ. ಕೆಮ್ಮು ಬಂದಾಗ ಬೇರೆ ಕಡೆಗೆ ತಿರುಗಿ ಕೆಮ್ಮಿ, ಕೈ ತೊಳೆದು ಬಂದು ಪುನಃ ಹಚ್ಚುತ್ತಿದ್ದರು.

ಕ್ಯಾಮರಾದ ಕಿಂಡಿಯಲ್ಲಿ ನಾನೂ ಇಣುಕಿ ನೋಡಿದೆ. ಚಿತ್ರ ಕಪ್ಪುಬಿಳಿಯಾಗಿ ಕಂಡಿತು. "ಕಿಂಡಿಯಲ್ಲಿ ಯಾವಾಗಲೂ ಹೀಗೆಯೇ ಮೇಡಂ, ಕ್ಯಾಸೆಟಿನಲ್ಲಿ ಬಣ್ಣ ಇರುತ್ತದೆ" ಎಂದ ಅಲೆಕ್ಸ್. ಅದು ನಿಜವೇ. ಆದರೆ ಆ ಕಿಂಡಿಯಲ್ಲಿ ಎರಡೂ ದಡ ಒಂದೇ ಬೂದು ಬಣ್ಣಕ್ಕೆ ಕಂಡದ್ದೂ ನಿಜ. ನೋಡಿಯೂ ನಾನು ಮಾತಾಡಲಿಲ್ಲ.

ಫೆಬ್ರವರಿಯ ಮೊದಲ ವಾರ ಮಣಿಪಾಲದ ಸಭಾಂಗಣದಲ್ಲಿ ಪ್ರದರ್ಶನ. ಮೂರು ದೊಡ್ಡ ಬಣ್ಣದ ಟಿ.ವಿ.ಗಳನ್ನು ಎತ್ತರದ ಮೇಜಿನ ಮೇಲೆ ಇಟ್ಟಿದ್ದರು. ಮೊದಲ ಮೂರು ಕಾಲೇಜುಗಳ ಹಾಡು ಬಣ್ಣದಲ್ಲಿ ಬಂತು. ನಾಲ್ಕನೆಯದು ನಮ್ಮದು. ಕಪ್ಪುಬಿಳಿ ಬಂತು.

ಯಂತ್ರ ನಡೆಸುವವನು ಗುಂಡಿಗಳನ್ನು ತಿರುಗಿಸಿ ನೋಡಿ ಕೈ ಚೆಲ್ಲಿದ. ಹಾಡು ಮುಂದುವರಿಯಿತು. ಎಂಟು ಜನ, ಒಂದೇ ಬಣ್ಣದ ಸೀರೆ, ಒಂದೇ ಜಡೆ, ಒಂದೇ ಅಳತೆಯ ಹೂವು. ಯಾರು ಯಾರನ್ನು ಕೆಣಕುತ್ತಿದ್ದಾರೆಂದು ತಿಳಿಯುವಂತಿರಲಿಲ್ಲ. ತುಟಿಗಳು ಇದ್ದಿಲಿನಂತೆ ಕಪ್ಪಾಗಿದ್ದವು. ಹಿಂದಿನ ಸಾಲಿನಿಂದ ಒಬ್ಬ, "ಎಲ್ಲರೂ ಎಲೆ ಅಡಿಕೆ ಹಾಕಿದ್ದಾರೆ, ಅಲ್ವಾ?" ಎಂದ. "ಉಗಿಯಲಿಕ್ಕೆ ಎದುರಿಗೆ ಹೊಳೆ ಉಂಟಲ್ಲ ಮಾರಾಯ" ಎಂದ ಇನ್ನೊಬ್ಬ. ಅಲ್ಲಿಂದ ಮುಂದೆ ನಗು ನಿಲ್ಲಲಿಲ್ಲ. ಕೊನೆಯ ಚರಣದಲ್ಲಿ ಝೀಟಾ ಆ ದಡದಲ್ಲಿ ನಿಂತಿದ್ದಳು, ಕುಶಲಾ ಈ ದಡದಲ್ಲಿ. ಅದು ಯಾರಿಗೂ ಕಾಣಿಸಲಿಲ್ಲ. ಸರ್ವೋತ್ತಮ ತಲೆ ಬಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ.

ಹೊರಗೆ ಬಂದಾಗ ಪ್ರಾಂಶುಪಾಲರು ವರಾಂಡದಲ್ಲಿ ನಿಂತಿದ್ದರು. ನಾಲ್ಕು ಹೆಜ್ಜೆ ಆಚೆಗೆ ಗುಣವತಿ, ಕೈಯಲ್ಲಿ ಬಾಚಣಿಗೆ ಪೌಡರುಗಳ ತಗಡಿನ ಪೆಟ್ಟಿಗೆ. ಆ ದಿನ ಅದರ ಅಗತ್ಯವಿರಲಿಲ್ಲ. ಮಕ್ಕಳು ವೇದಿಕೆಗೆ ಹೋಗುವುದಾದರೆ ತಲೆ ಸರಿ ಮಾಡಲು ಬೇಕಾದೀತು ಎಂದು ತಂದಿದ್ದರು.

"ಎಂತ ಮೇಡಂ ಇದು?" ಎಂದರು ಪ್ರಾಂಶುಪಾಲರು. "ಬಣ್ಣ ಹೋದದ್ದು ಇರಲಿ, ಆ ಮುಖಗಳು ಎಂತ? ಯಾರು ಮಾಡಿದ್ದು ಅದನ್ನು?"

ನಾನು ಹೇಳಿದೆ: "ಮೇಕಪ್ ಮಾಡಿದ್ದು ಗುಣವತಿ, ಸರ್."

ಇದರಲ್ಲಿ ಸುಳ್ಳು ಒಂದು ಅಕ್ಷರವೂ ಇಲ್ಲ. ಬಹಳ ವರ್ಷ ಇದನ್ನೇ ಹಿಡಿದುಕೊಂಡಿದ್ದೆ.

ಪ್ರಾಂಶುಪಾಲರು ಗುಣವತಿಯ ಕಡೆಗೆ ತಿರುಗಿದರು. ಅವರು ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, "ಹೌದು ಸರ್. ಹಚ್ಚಿದ್ದು ನಾನೇ" ಎಂದರು. ಅನಂತರ ನನ್ನನ್ನು ನೋಡಿದರು. ದೂರುವ ನೋಟವಲ್ಲ. ತರಗತಿಯಲ್ಲಿ ಅರ್ಧ ವಾಕ್ಯ ಹೇಳಿ ನಿಲ್ಲಿಸಿದಾಗ ಮಕ್ಕಳು ಉಳಿದರ್ಧಕ್ಕೆ ಕಾಯುತ್ತಾರಲ್ಲ, ಹಾಗೆ. ನಾನು ವಾಕ್ಯ ಮುಗಿಸಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಮೆಟ್ಟಿಲಿಳಿದೆ.

ಸೋಮವಾರ ಅಲೆಕ್ಸ್ ಕ್ಯಾಸೆಟನ್ನು ಉಡುಪಿಯ ಟಿ.ವಿ. ರಿಪೇರಿಯವರಿಗೆ ತೋರಿಸಿ ಬಂದ. ದೇಶದಿಂದ ದೇಶಕ್ಕೆ ಬಣ್ಣ ದಾಖಲಿಸುವ ಪದ್ಧತಿ ಬೇರೆಯಂತೆ. ಆ ಕ್ಯಾಮರಾ ಸೌದಿಯ ಪದ್ಧತಿಯದು. ಅದರ ಬಣ್ಣವನ್ನು ನಮ್ಮ ಯಂತ್ರ ಓದುವುದಿಲ್ಲ, ಬರೀ ಕಪ್ಪುಬಿಳಿ ಓದುತ್ತದೆ. ಗುಣವತಿ ಹೇಳಿದ್ದ ಬದಿಮನೆಯ ಕ್ಯಾಸೆಟಿಗೂ ಆದದ್ದು ಅದೇ. ಕಾರಣ ಅವರಿಗೆ ಗೊತ್ತಿರಲಿಲ್ಲ, ಕಂಡದ್ದು ಗೊತ್ತಿತ್ತು. ನನಗೆ ಎರಡನ್ನೂ ತಿಳಿದುಕೊಳ್ಳುವಷ್ಟು ವಿದ್ಯೆ ಇತ್ತು.

ಅದೇ ವಾರ ಪ್ರಾಂಶುಪಾಲರು ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಹೊಲಿಗೆ ಸಹಾಯಕಿ ಕೆಲಸದ ಅರ್ಜಿಗಳು. ಮೇಲಿನದು ಗುಣವತಿಯದು. ಅದಕ್ಕೆ ಲಿಯೋನೆಲ್ ತೆಗೆದ ಫೋಟೋ ಅಂಟಿಸಿದ್ದರು. ಇಷ್ಟು ವರ್ಷದಲ್ಲಿ ಅವರದೇ ಫೋಟೋವನ್ನು ನಾನು ನೋಡಿದ್ದು ಅದೇ ಮೊದಲು.

"ಈ ಹೆಂಗಸಿನದ್ದು ಬಿಡುವ, ಅಲ್ವಾ ಮೇಡಂ?"

ಹೇಳಬೇಕಾದದ್ದು ಎರಡು ಮಾತು. ಹಾಳೆ ನನ್ನದು; ಅವರು ಬೇಡವೆಂದು ಹೇಳಿದ್ದರು. ಎರಡು ನಿಮಿಷವೂ ಬೇಡ. ಆಗ ಧೈರ್ಯ ಬರಲಿಲ್ಲ ಎಂದು ಬರೆದರೆ ಅದು ನನ್ನ ಬಗ್ಗೆ ನಾನೇ ತೋರುವ ರಿಯಾಯಿತಿಯಾಗುತ್ತದೆ. ಪ್ರಾಂಶುಪಾಲರಿಗೆ ನನ್ನನ್ನು ಕಂಡರೆ ಹೆದರಿಕೆಯಿತ್ತೇ ಹೊರತು ನನಗೆ ಅವರನ್ನು ಕಂಡರೆ ಇರಲಿಲ್ಲ. ಹೇಳಲು ಇಷ್ಟವಿರಲಿಲ್ಲ, ಅಷ್ಟೆ.

"ನಿಮಗೆ ಸರಿ ಕಂಡ ಹಾಗೆ ಸರ್" ಎಂದೆ. ಅವರು ಅರ್ಜಿಯನ್ನು ತೆಗೆದು ಎಲ್ಲಕ್ಕಿಂತ ಅಡಿಗೆ ಇಟ್ಟರು. ಮಾರ್ಚಿನಲ್ಲಿ ಕೆಲಸ ಹಿರಿಯಡ್ಕದ ಒಬ್ಬ ಹುಡುಗಿಗೆ ಸಿಕ್ಕಿತು. ಅವಳು ಒಳ್ಳೆಯ ಕೆಲಸಗಾರ್ತಿ. ಅವಳದೇನೂ ತಪ್ಪಿಲ್ಲ.

ನಾನು ಬೆಳ್ಮಣ್ಣಿಗೆ ಹೋದದ್ದು ಮೇ ತಿಂಗಳಲ್ಲಿ, ರಜೆ ಶುರುವಾದ ಮೇಲೆ. ಗುಣವತಿ ಜಗಲಿಯಲ್ಲಿ ಕಾಲು ಚಾಚಿ, ತೊಡೆಯ ಮೇಲೆ ಎಲೆ ತಂಬಾಕು ತುಂಬಿದ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮೂಗಿಗೆ ಒಂದು ಬಟ್ಟೆ ಕಟ್ಟಿಕೊಂಡಿದ್ದರು. ನನ್ನನ್ನು ಕಂಡು ಬಟ್ಟೆ ಕೆಳಗೆ ಜಾರಿಸಿ, "ಓ ಟೀಚರ್! ಬನ್ನಿ. ಬಿಸಿಲಿಗೆ ಬಂದಿರಲ್ಲ" ಎಂದು ಒಳಗೆ ಹೋಗಿ ಬೆಲ್ಲ ನೀರು ತಂದರು. ಧರ್ಮಪಾಲ ಡ್ಯೂಟಿಗೆ ಹೋಗಿದ್ದರು.

ನಾನು ಹೇಳಬೇಕೆಂದು ಬಂದದ್ದನ್ನು ನಿಂತೇ ಹೇಳಿದೆ. ಹಾಳೆ ನನ್ನದಾಗಿತ್ತು, ನೀವು ಹೇಳಿದ್ದು ಸರಿಯಾಗಿತ್ತು, ನಾನು ಹೇಳದೆ ಬಿಟ್ಟೆ ಎಂದೆ.

ಅವರು ಕತ್ತರಿಯಿಂದ ಒಂದು ಎಲೆ ಕತ್ತರಿಸಿ, ತಂಬಾಕು ಇಟ್ಟು, ಸುರುಳಿ ಸುತ್ತಿ, ನೂಲು ಕಟ್ಟಿ, ತುದಿ ಮಡಚಿ ಮೊರಕ್ಕೆ ಹಾಕಿದರು.

"ಇದನ್ನು ನನಗೆ ಯಾಕೆ ಹೇಳುತ್ತೀರಿ ಟೀಚರೇ? ನನಗೆ ಗೊತ್ತಿಲ್ಲವಾ? ನಾನು ಅಲ್ಲೇ ಇದ್ದೆನಲ್ಲ."

"ತಪ್ಪಾಯಿತು ಎನ್ನಲು ಬಂದೆ."

"ಅಲ್ಲಿ ಹೇಳಬೇಕಿತ್ತು. ಇಲ್ಲಿ ಹೇಳಿದರೆ ಈ ಮೊರ ಕೇಳುತ್ತದೆ, ಅಷ್ಟೇ." ಅವರು ಇನ್ನೊಂದು ಎಲೆ ತೆಗೆದುಕೊಂಡರು. "ಆ ಝೀಟಾ, ಕುಶಲಾ, ಹಾಡು ಬರೆದ ಹುಡುಗ, ಮೂವರೂ ಇಲ್ಲಿಗೆ ಬಂದಿದ್ದರು. ಹಾಡು ತೋರಿಸಿದ ಮಾರನೆಯ ದಿನವೇ. ನಾವು ಪ್ರಿನ್ಸಿಪಾಲರ ಹತ್ತಿರ ಹೋಗಿ ಎಲ್ಲ ಹೇಳುತ್ತೇವೆ ಅಕ್ಕ ಎಂದರು. ನಾನು ಬೇಡವೆಂದೆ."

"ಯಾಕೆ?"

"ಮಕ್ಕಳು ಹೋಗಿ ಟೀಚರ ಮೇಲೆ ದೂರು ಹೇಳಿದರೆ ಚಂದ ಕಾಣುತ್ತದಾ? ಟೀಚರು ಓದಿದವರು, ಅವರೇ ಹೇಳುತ್ತಾರೆ, ನೀವು ಸುಮ್ಮನಿರಿ ಎಂದು ಬೈದು ಕಳಿಸಿದೆ."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಝೀಟಾ ಮಾರ್ಚಿನವರೆಗೂ ನನ್ನ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತಿದ್ದಳು. ಮೊದಲು ತುಂಬ ಪ್ರಶ್ನೆ ಕೇಳುತ್ತಿದ್ದವಳು ಫೆಬ್ರವರಿಯ ಅನಂತರ ಒಂದೂ ಕೇಳಿರಲಿಲ್ಲ. ಪರೀಕ್ಷೆಯ ಗಡಿಬಿಡಿ ಎಂದುಕೊಂಡಿದ್ದೆ.

ಗುಣವತಿಗೆ ಕೆಮ್ಮು ಬಂತು. ಮುಖ ತಿರುಗಿಸಿ ಕೆಮ್ಮಿದರು. ಅನಂತರ, "ಬಸ್ಸು ಬರುವ ಹೊತ್ತಾಯಿತು. ಮುಂದಿನದ್ದು ಒಂದು ಗಂಟೆ ಬಿಟ್ಟು" ಎಂದರು. ಮೂಗಿನ ಬಟ್ಟೆ ಮೇಲಕ್ಕೆ ಎಳೆದುಕೊಂಡರು.

ಮಾರನೆಯ ದಿನ ಪ್ರಾಂಶುಪಾಲರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೇಳಿ, "ಓಹೋ, ಹಾಗಾ? ಈಗ ಎಂತ ಮಾಡಲಿಕ್ಕೆ ಆಗುತ್ತದೆ ಮೇಡಂ?" ಎಂದು ಕಾಫಿ ತರಿಸಿದರು. ನಾನು ಕುಡಿದೆ.

ಆ ಕೆಲಸ ಇನ್ನೊಮ್ಮೆ ಖಾಲಿಯಾಗಲಿಲ್ಲ. ಗುಣವತಿ ಬೀಡಿ ಕಟ್ಟುವುದನ್ನು ಮುಂದುವರಿಸಿದರು. ಬೆಳ್ಮಣ್ಣಿನ ಸುತ್ತಮುತ್ತ ಮದುವೆಗಳಿದ್ದರೆ ಹೋಗಿ ಮದುಮಗಳ ತಲೆ ಬಾಚುತ್ತಿದ್ದರಂತೆ. ನನ್ನನ್ನು ಬೈದರೆಂದು ಯಾರ ಬಾಯಿಂದಲೂ ಕೇಳಲಿಲ್ಲ.

ಕಾರ್ಕಳದಲ್ಲಿ ನನಗೆ ಸಂಬಂಧಿಕರಿದ್ದಾರೆ. ಬೆಳ್ಮಣ್ಣಿನ ದಾರಿಯಾಗಿ ಹೋಗುವ ಬಸ್ಸು ಸಿಕ್ಕಿದರೆ ಎಡಗಡೆಯ ಸೀಟಿನಲ್ಲಿ ಕುಳಿತುಕೊಳ್ಳುವುದಿಲ್ಲ. ಆ ಜಗಲಿ ಎಡಕ್ಕೆ ಸಿಗುತ್ತದೆ.